‘ಏಂಜಲ್ಸ್ ಅಂಡ್ ಡೀಮನ್ಸ್’ ಓದಿದವರು ಬನ್ನಿ: ಎಷ್ಟು ನಿಜ, ಎಷ್ಟು ಬುರುಡೆ?

ದುರ್ಗದ ಹುಡುಗ

ಡ್ಯಾನ್ ಬ್ರೌನ್ ಬರೆದ ಈ ಪುಸ್ತಕ ಬಂದಿದ್ದು 2000ದಲ್ಲಿ. ನಾನು ಓದಿ ಮುಗಿಸಿದ್ದು ಮೊನ್ನೆ. 2025ರ ಮೇ ತಿಂಗಳಲ್ಲಿ ಹೊಸ ಪೋಪ್ ಆಯ್ಕೆ ನಡೆದಾಗ ಸುಮಾರು ಜನ ಇದರ ಬಗ್ಗೆ ಮಾತಾಡುತ್ತಿದ್ದರು. ಆಗ ತಗೊಂಡು ಇಟ್ಟಿದ್ದೆ.

ಓದದವರಿಗೆ ಕಥೆ ಇಷ್ಟು. ಜಿನೀವಾ ಹತ್ತಿರ ಸರ್ನ್ ಅನ್ನೋ ಭೌತವಿಜ್ಞಾನ ಪ್ರಯೋಗಾಲಯದಲ್ಲಿ ಒಬ್ಬ ವಿಜ್ಞಾನಿಯ ಕೊಲೆ ಆಗುತ್ತದೆ. ಅವನು ಪಾದ್ರಿಯೂ ಹೌದು. ಎದೆಯ ಮೇಲೆ ಕಾದ ಮುದ್ರೆ ಒತ್ತಿರುತ್ತಾರೆ: ‘ಇಲ್ಲುಮಿನಾಟಿ’, ಒಂದು ಗುಪ್ತ ಸಂಘದ ಹೆಸರು. ಅವನು ತಯಾರಿಸಿದ್ದ ಕಾಲು ಗ್ರಾಂ ಆಂಟಿಮ್ಯಾಟರ್ (ಮಾಮೂಲಿ ವಸ್ತುವಿಗೆ ತಾಗಿದರೆ ಸಿಡಿಯುವ ವಸ್ತು) ಕಳುವಾಗಿ ವ್ಯಾಟಿಕನ್ ಒಳಗೆ ಎಲ್ಲೋ ಕೂತಿರುತ್ತದೆ. ಅದನ್ನು ತಾಗದಂತೆ ಹಿಡಿದಿಟ್ಟ ಡಬ್ಬಿಯ ಬ್ಯಾಟರಿ 24 ಗಂಟೆ ಮಾತ್ರ ಬರುತ್ತದೆ. ಅದೇ ದಿನ ಪೋಪ್ ಆಯ್ಕೆಗೆ ಕಾರ್ಡಿನಲ್‌ಗಳು, ಅಂದರೆ ಚರ್ಚಿನ ಹಿರಿಯ ಗುರುಗಳು, ಸೇರಿದ್ದಾರೆ, ಅವರಲ್ಲಿ ನಾಲ್ವರು ನಾಪತ್ತೆ. ಸಂಕೇತಗಳನ್ನು ಓದುವ ಪ್ರೊಫೆಸರ್ ರಾಬರ್ಟ್ ಲ್ಯಾಂಗ್ಡನ್ ರೋಮ್ ತುಂಬಾ ಓಡುತ್ತಾನೆ. ಮಣ್ಣು, ಗಾಳಿ, ಬೆಂಕಿ, ನೀರು ಅಂತ ನಾಲ್ಕು ಜಾಗ, ಗಂಟೆಗೊಂದು ಕೊಲೆ.

ಪುಸ್ತಕ ಕೆಳಗೆ ಇಡೋಕೆ ಆಗಲಿಲ್ಲ, ಅದು ನಿಜ. ಆದರೆ ಮೊದಲ ಪುಟದಲ್ಲೇ ‘ಫ್ಯಾಕ್ಟ್’ ಅಂತ ಹೆಡ್ಡಿಂಗ್ ಹಾಕಿದ್ದಾರೆ. ಸರ್ನ್ ನಿಜ, ಆಂಟಿಮ್ಯಾಟರ್ ನಿಜ ಅಂತ. ಅದರ ಜೊತೆ ಇನ್ನೊಂದು ಟಿಪ್ಪಣಿ: ರೋಮಿನ ಗೋರಿ, ಸುರಂಗ, ಶಿಲ್ಪ ಎಲ್ಲಾ ನಿಜ, ಇಲ್ಲುಮಿನಾಟಿ ಅನ್ನೋ ಗುಂಪೂ ನಿಜ. ಕಥೆ ಪುಸ್ತಕಕ್ಕೆ ಹೀಗೆ ಸರ್ಟಿಫಿಕೇಟ್ ಅಂಟಿಸಬಹುದಾ? ನನಗಂತೂ ಕಸಿವಿಸಿ ಆಯಿತು. ನಿಮಗೆ ಏನನ್ನಿಸಿತು?

ಕೊಲೆಗಾರ ಯಾರು ಅಂತ ಮಾತ್ರ ಯಾರೂ ಬಾಯಿ ಬಿಡಬೇಡಿ.

ಮಂಡಕ್ಕಿ ಮೆಣಸಿನಕಾಯಿ

ಅಣ್ಣ, ಕಥೆ ಓದೋಕೆ ಕೂತು ಲೆಕ್ಕ ಯಾಕೆ ಹಾಕ್ತೀರಿ? ಬುರುಡೆ ಬಿಡೋದೇ ಕಾದಂಬರಿಕಾರನ ಕೆಲಸ. ಅವನು ಅದನ್ನ ಚೆನ್ನಾಗಿ ಬಿಟ್ಟಿದ್ದಾನೆ.

ಅಧ್ಯಾಯ ಎಷ್ಟು ಚಿಕ್ಕವು ನೋಡಿ. ಎರಡು ಮೂರು ಪುಟ, ಅಷ್ಟರಲ್ಲಿ ಯಾರೋ ಬಾಗಿಲು ತೆಗೆಯುತ್ತಾರೆ, ಮುಗೀತು, ಮುಂದಿನದು. ವಾರಪತ್ರಿಕೆಯಲ್ಲಿ ಧಾರಾವಾಹಿ ಓದಿ ಬೆಳೆದವರಿಗೆ ಈ ತಂತ್ರ ಹೊಸದಲ್ಲ. ನಮ್ಮಮ್ಮ ‘ಸುಧಾ’ ಬಂದ ದಿನ ಮೊದಲು ಧಾರಾವಾಹಿ ಪುಟ ತೆಗೆದು, ಅದನ್ನ ಮುಗಿಸಿದ ಮೇಲೇ ಒಲೆ ಹಚ್ಚುತ್ತಿದ್ದರು. ಆದರೆ ಅಲ್ಲಿ ಒಂದು ವಾರ ಕಾಯಬೇಕಿತ್ತು. ಇಲ್ಲಿ ಪುಟ ತಿರುವಿದರೆ ಸಾಕು. ರಾತ್ರಿ ಎರಡಾಗಿದ್ದು ಗೊತ್ತೇ ಆಗಲಿಲ್ಲ. ಬೆಳಗ್ಗೆ ಅಂಗಡಿ ಬಾಗಿಲು ತೆಗೆಯೋದು ತಡವಾಗಿ ಅಪ್ಪನ ಹತ್ತಿರ ಬೈಸಿಕೊಂಡೆ.

ಇಂಗ್ಲಿಷ್ ಕೂಡ ಕಷ್ಟ ಇಲ್ಲ. ನನ್ನಂಥವನಿಗೇ ಡಿಕ್ಷನರಿ ಬೇಕಾಗಿದ್ದು ಕಮ್ಮಿ.

ಫಿಸಿಕ್ಸ್ ಮೇಡಂ, ದಾವಣಗೆರೆ

ನಾನು ಪಿಯುಸಿ ಮಕ್ಕಳಿಗೆ ಪಾಠ ಮಾಡುವವಳು. ಹಾಗಾಗಿ ಲೆಕ್ಕ ಹಾಕದೆ ಇರೋದು ನನ್ನಿಂದ ಆಗಲ್ಲ. ಆಂಟಿಮ್ಯಾಟರ್ ವಿಷಯದಲ್ಲಿ ಈ ಪುಸ್ತಕ ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ವಸ್ತು ನಿಜ. 1928ರಲ್ಲಿ ವಿಜ್ಞಾನಿ ಡಿರಾಕ್ ಬರೆದ ಸಮೀಕರಣದಿಂದ ಸುಳಿವು ಸಿಕ್ಕಿತು. 1932ರಲ್ಲಿ ಕಾರ್ಲ್ ಆಂಡರ್ಸನ್ ಪಾಸಿಟ್ರಾನ್ ಅನ್ನು ಕಂಡುಹಿಡಿದರು. ಎಲೆಕ್ಟ್ರಾನಿನಷ್ಟೇ ತೂಕ, ವಿದ್ಯುದಂಶ ಮಾತ್ರ ಉಲ್ಟಾ. ಎರಡೂ ಎದುರಾದರೆ ಎರಡೂ ಮಾಯ, ಉಳಿಯೋದು ಶಕ್ತಿ. ಆಸ್ಪತ್ರೆಯಲ್ಲಿ ಪೆಟ್ ಸ್ಕ್ಯಾನ್ ನಡೆಯೋದು ಇದೇ ಪಾಸಿಟ್ರಾನಿನಿಂದ. ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂ ಕೂಡ ಆಗೊಮ್ಮೆ ಈಗೊಮ್ಮೆ ಒಂದು ಪಾಸಿಟ್ರಾನ್ ಬಿಡುತ್ತದೆ. ಹೆದರಬೇಡಿ, ತಿನ್ನಿ.

ಈಗ ಮೊದಲ ಪುಟದ ಲೆಕ್ಕ. ಒಂದು ಗ್ರಾಂ ಆಂಟಿಮ್ಯಾಟರ್‌ನಲ್ಲಿ 20 ಕಿಲೋಟನ್ ಬಾಂಬಿನ ಶಕ್ತಿ ಇದೆ ಅಂತ ಬರೆದಿದ್ದಾರೆ. ಒಂದು ಗ್ರಾಂ ದ್ರವ್ಯರಾಶಿಗೆ ಐನ್‌ಸ್ಟೈನ್ ಸೂತ್ರ ಹಾಕಿದರೆ ಸುಮಾರು 21 ಕಿಲೋಟನ್ ಬರುತ್ತದೆ. ಅಲ್ಲಿಗೆ ಸರಿ. ಆದರೆ ಆಂಟಿಮ್ಯಾಟರ್ ಒಂಟಿಯಾಗಿ ಸಾಯಲ್ಲ. ಇನ್ನೊಂದು ಗ್ರಾಂ ಮಾಮೂಲಿ ವಸ್ತುವನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆ. ಅಂದರೆ ಒಟ್ಟು 43 ಕಿಲೋಟನ್ ಆಗಬೇಕು. ಕಾಲು ಗ್ರಾಂಗೆ ಹತ್ತು ಚಿಲ್ಲರೆ. ಹಿರೋಶಿಮಾದ ಬಾಂಬು ಸುಮಾರು 15 ಕಿಲೋಟನ್. ಅಂದರೆ ಈ ಮಹಾಶಯ ಬುರುಡೆ ಬಿಡುವಾಗಲೂ ಅರ್ಧಕ್ಕೆ ಅರ್ಧ ಕಮ್ಮಿ ಬಿಟ್ಟಿದ್ದಾರೆ!

ನಿಜವಾದ ಬುರುಡೆ ಬೇರೆ ಕಡೆ ಇದೆ. ಆ ಕಾಲು ಗ್ರಾಂ ಬಂದಿದ್ದೆಲ್ಲಿಂದ? 1995ರಲ್ಲಿ ಸರ್ನ್‌ನಲ್ಲಿ ಮೊದಲ ಸಲ ಆಂಟಿಹೈಡ್ರೋಜನ್ ಮಾಡಿದಾಗ ಸಿಕ್ಕಿದ್ದು ಒಂಬತ್ತು ಪರಮಾಣು. ಗ್ರಾಂ ಅಲ್ಲ, ಒಂಬತ್ತು ಬಿಡಿ ಪರಮಾಣು. ಅಲ್ಲಿ ಇಲ್ಲಿಯವರೆಗೆ ಮಾಡಿದ ಎಲ್ಲಾ ಆಂಟಿಮ್ಯಾಟರ್ ಒಟ್ಟುಗೂಡಿಸಿ ಉರಿಸಿದರೂ ಒಂದು ಬಲ್ಬು ಕೆಲವು ನಿಮಿಷ ಉರಿಯುತ್ತದೆ, ಅಷ್ಟೇ. ಇದನ್ನು ಸರ್ನ್‌ನವರೇ ಹೇಳಿದ್ದಾರೆ. ಇದೇ ವೇಗದಲ್ಲಿ ಒಂದು ಗ್ರಾಂ ಮಾಡೋಕೆ ನೂರಾರು ಕೋಟಿ ವರ್ಷ ಬೇಕು. ಇನ್ನೊಂದು ವಿಷಯ: ಅದನ್ನು ಮಾಡೋಕೆ ಹಾಕುವ ಕರೆಂಟು, ಅದರಿಂದ ವಾಪಸ್ ಬರುವುದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಭೂಮಿಯಲ್ಲಿ ಆಂಟಿಮ್ಯಾಟರ್ ಗಣಿ ಇಲ್ಲವಲ್ಲ! ಇದರಿಂದ ಜಗತ್ತಿನ ಇಂಧನ ಸಮಸ್ಯೆ ತೀರುತ್ತೆ ಅಂತ ಪುಸ್ತಕದಲ್ಲಿ ಬರುವ ಮಾತೆಲ್ಲ ಅಲ್ಲೇ ಬಿದ್ದು ಹೋಯಿತು.

ಆ ಡಬ್ಬಿ ಇದೆಯಲ್ಲ, ಅದರ ಐಡಿಯಾ ಮಾತ್ರ ಪೂರ್ತಿ ಸುಳ್ಳಲ್ಲ. ಗಾಳಿ ಎಲ್ಲಾ ತೆಗೆದ ಪಾತ್ರೆಯೊಳಗೆ, ಗೋಡೆಗೆ ತಾಗದಂತೆ, ಅಯಸ್ಕಾಂತದಿಂದ ತೇಲಿಸಿ ಇಡೋದು ನಡೆಯುವ ಮಾತೇ. 2011ರಲ್ಲಿ ಆಂಟಿಹೈಡ್ರೋಜನ್ ಪರಮಾಣುಗಳನ್ನು ಹೀಗೆ 16 ನಿಮಿಷ ಹಿಡಿದಿಟ್ಟಿದ್ದರು. 2024ರಲ್ಲಿ ಅಂಥ ಒಂದು ಸಾಗಿಸಬಹುದಾದ ಬಲೆಯನ್ನು ಲಾರಿಯ ಮೇಲಿಟ್ಟು ಸರ್ನ್ ಆವರಣದಲ್ಲೇ ಓಡಾಡಿಸಿದರು. ಒಳಗಿದ್ದಿದ್ದು ಮಾಮೂಲಿ ಪ್ರೋಟಾನ್, ಪರೀಕ್ಷೆಗೆ ಅಂತ. ಇದನ್ನ ಓದಿದಾಗ ನನಗೆ ನೆನಪಾಗಿದ್ದು ಇದೇ ಕಾದಂಬರಿ.

ಒಂದು ಒಪ್ಪಬೇಕಾದ್ದು: ಆಂಟಿಮ್ಯಾಟರ್ ಅಂದರೆ ಏನು ಮೇಡಂ ಅಂತ ಮಕ್ಕಳು ತಾವಾಗಿ ಕೇಳಿದ್ದು ಈ ಪುಸ್ತಕದ ಸಿನಿಮಾ ಬಂದ 2009ರಲ್ಲಿ. ಸಿಲಬಸ್ ನೋಡಿ ಯಾರೂ ಕೇಳಿರಲಿಲ್ಲ.

ಮಂಡಕ್ಕಿ ಮೆಣಸಿನಕಾಯಿ

ಮೇಡಂ, ನಮ್ಮ ಕಾಲೇಜಲ್ಲಿ ನೀವೇ ಇದ್ದಿದ್ದರೆ ನಾನು ಅಂಗಡಿಯಲ್ಲಿ ಕೂರುತ್ತಿರಲಿಲ್ಲ.

ಚಂದ್ರವಳ್ಳಿ ನಡಿಗೆ

ವಿಜ್ಞಾನ ಮೇಡಂ ನೋಡಿಕೊಂಡರು. ಇತಿಹಾಸದ ಕಡೆ ನಾನು ಬರುತ್ತೇನೆ. ಅಲ್ಲಿ ತೂತು ಜಾಸ್ತಿ.

ಇಲ್ಲುಮಿನಾಟಿ ಅನ್ನೋ ಗುಂಪು ಇದ್ದಿದ್ದು ನಿಜ. ಶುರುವಾಗಿದ್ದು 1776ರ ಮೇ 1ರಂದು, ಜರ್ಮನಿಯ ಬವೇರಿಯಾದಲ್ಲಿ. ಆಡಮ್ ವೈಸ್‌ಹಾಪ್ಟ್ ಅನ್ನೋ ಕಾನೂನು ಪ್ರೊಫೆಸರ್ ಕಟ್ಟಿದ್ದು. ಹತ್ತು ವರ್ಷ ತುಂಬುವ ಮೊದಲೇ ಅಲ್ಲಿನ ದೊರೆ ನಿಷೇಧ ಹಾಕಿದ. ಈಗ ಗೆಲಿಲಿಯೋ ತೀರಿಕೊಂಡ ವರ್ಷ ನೋಡಿ: 1642. ರೋಮಿನ ಶಿಲ್ಪಿ ಬರ್ನಿನಿ: 1680. ಕಾದಂಬರಿಯಲ್ಲಿ ಇವರಿಬ್ಬರೂ ಇಲ್ಲುಮಿನಾಟಿ. ಗುಂಪು ಹುಟ್ಟುವ ಮೊದಲೇ ಅದರ ಸದಸ್ಯರು ಸತ್ತು ಮಣ್ಣಾಗಿದ್ದರು!

ಬರ್ನಿನಿ ವಿಷಯ ಇನ್ನೂ ಮಜಾ. ಅವನನ್ನು ಕಥೆಯಲ್ಲಿ ಚರ್ಚಿನೊಳಗೇ ಕೂತ ಗುಪ್ತ ಶತ್ರು ಅಂತ ಮಾಡಿದ್ದಾರೆ. ಅವನಿಗೆ ದೊಡ್ಡ ದೊಡ್ಡ ಕೆಲಸ ಕೊಟ್ಟು ಬೆಳೆಸಿದ್ದು ಎಂಟನೇ ಅರ್ಬನ್ ಪೋಪ್. 1633ರಲ್ಲಿ ಗೆಲಿಲಿಯೋ ವಿಚಾರಣೆ ನಡೆದಿದ್ದೂ ಅದೇ ಪೋಪ್ ಕಾಲದಲ್ಲಿ. ಒಬ್ಬನೇ ಯಜಮಾನ, ಒಬ್ಬನಿಗೆ ಶಹಭಾಸ್, ಇನ್ನೊಬ್ಬನಿಗೆ ಗೃಹಬಂಧನ. ನಿಜವಾದ ಕಥೆಯಲ್ಲೇ ಇಷ್ಟು ನಾಟಕ ಇರುವಾಗ ಸುಳ್ಳು ಸಂಘ ಯಾಕೆ ಬೇಕಿತ್ತೋ ಗೊತ್ತಿಲ್ಲ.

ಭೂಮಿ ಸೂರ್ಯನ ಸುತ್ತ ಸುತ್ತುತ್ತದೆ ಅಂದ ಕೊಪರ್ನಿಕಸ್‌ನನ್ನು ಚರ್ಚ್ ಕೊಲ್ಲಿಸಿತು ಅನ್ನುವ ಮಾತು ಒಂದು ಕಡೆ ಬರುತ್ತದೆ. ಅಲ್ಲಿ ನಾನು ಪುಸ್ತಕ ಮುಚ್ಚಿಟ್ಟು ಕಾಫಿ ಮಾಡಿಕೊಂಡು ಬಂದೆ. ಅವನು ವಯಸ್ಸಾಗಿ, ಕಾಯಿಲೆಯಿಂದ ಹೋದವನು. 1543ರಲ್ಲಿ, ಅವನ ಪುಸ್ತಕ ಅಚ್ಚಾದ ವರ್ಷವೇ. ರೋಮಿನಲ್ಲಿ ಸುಟ್ಟಿದ್ದು ಜೊರ್ಡಾನೋ ಬ್ರೂನೋ ಅನ್ನೋ ತತ್ವಜ್ಞಾನಿಯನ್ನು, 1600ರಲ್ಲಿ. ಆ ಹೆಸರು ಹಾಕಿದ್ದರೆ ಯಾರೂ ತಕರಾರು ತೆಗೆಯುತ್ತಿರಲಿಲ್ಲ. ಇದು ಕಲ್ಪನೆ ಅಲ್ಲ, ಸೋಮಾರಿತನ.

ಹಾರ್ವರ್ಡ್‌ನಲ್ಲಿ ‘ಸಿಂಬಾಲಜಿ’ ಅನ್ನೋ ವಿಭಾಗವೂ ಇಲ್ಲ, ಬಿಡಿ. ಅದನ್ನ ಕ್ಷಮಿಸಬಹುದು.

ಭಾನುವಾರದ ಓದು

ನಾನು ಕ್ಯಾಥೊಲಿಕ್ ಮನೆಯವಳು, ದಾವಣಗೆರೆಯಲ್ಲೇ ಹುಟ್ಟಿ ಬೆಳೆದವಳು. ಪುಸ್ತಕ ಕೊಟ್ಟ ಗೆಳತಿ ‘ನಿನಗೆ ಬೇಜಾರಾಗಬಹುದು’ ಅಂತ ಎಚ್ಚರಿಸಿಯೇ ಕೊಟ್ಟಳು. ಬೇಜಾರಾಗಲಿಲ್ಲ. ನಗು ಬಂತು, ಕೆಲವು ಕಡೆ ಕಣ್ಣು ತುಂಬಿತು.

ನಗು ಬಂದಿದ್ದು ವಿಧಿವಿಧಾನ ನೋಡಿ. ಪೋಪ್ ತೀರಿಕೊಂಡ ಮೇಲೆ ಆಡಳಿತ ನೋಡಿಕೊಳ್ಳುವ ಕ್ಯಾಮರ್ಲೆಂಗೋ ಕಥೆಯಲ್ಲಿ ಒಬ್ಬ ತರುಣ ಪಾದ್ರಿ. ವಾಸ್ತವದಲ್ಲಿ ಆ ಜಾಗದಲ್ಲಿ ಕೂರೋದು ಕಾರ್ಡಿನಲ್. ಮತ ಹಾಕದೆ ಎಲ್ಲರೂ ಒಂದೇ ಕೊರಳಲ್ಲಿ ಹೆಸರು ಕೂಗಿ ಆರಿಸುವ ಪದ್ಧತಿಯನ್ನು ಎರಡನೇ ಜಾನ್ ಪಾಲ್ 1996ರಲ್ಲೇ ತೆಗೆದುಹಾಕಿದ್ದರು. ಪುಸ್ತಕ ಬಂದಿದ್ದು ಅದಾದ ಮೇಲೆ. 2025ರಲ್ಲಿ ನೋಡಿದಿರಲ್ಲ, 133 ಕಾರ್ಡಿನಲ್‌ಗಳು ಚೀಟಿ ಹಾಕಿದರು, ಮೂರರಲ್ಲಿ ಎರಡು ಪಾಲು ಮತ ಬೇಕು. ಮೇ 7ಕ್ಕೆ ಒಳಗೆ ಹೋದವರು 8ಕ್ಕೆ ಲಿಯೋ ಅವರನ್ನು ಆರಿಸಿಬಿಟ್ಟರು. ಥ್ರಿಲ್ಲರ್ ಬರೆಯುವವರಿಗೆ ಅಷ್ಟು ಬೇಗ ಮುಗಿದರೆ ನಷ್ಟ.

ಕಣ್ಣು ತುಂಬಿದ್ದು ಆ ತರುಣ ಪಾದ್ರಿ ಕ್ಯಾಮೆರಾ ಮುಂದೆ ನಿಂತು ಮಾತಾಡುವ ಅಧ್ಯಾಯದಲ್ಲಿ. ವಿಜ್ಞಾನ ಎಲ್ಲಾ ಕೊಟ್ಟಿತು, ಆದರೆ ಬೆರಗನ್ನು ಕಿತ್ತುಕೊಂಡಿತು ಅನ್ನೋ ಅರ್ಥದ ಮಾತು. ಅಷ್ಟು ಗಟ್ಟಿ ವಾದವನ್ನು ಲೇಖಕ ಧರ್ಮದ ಕಡೆಯವನ ಬಾಯಲ್ಲಿ ಇಟ್ಟಿದ್ದಾನೆ. ಅದಕ್ಕೇ ಇದು ಚರ್ಚ್ ವಿರೋಧಿ ಪುಸ್ತಕ ಅಂತ ನನಗೆ ಅನ್ನಿಸಲಿಲ್ಲ. ಮುಂದೆ ಏನಾಗುತ್ತೆ ಅಂತ ಹೇಳಲ್ಲ, ಅಣ್ಣ ಬೇಡ ಅಂದಿದ್ದಾರೆ.

ಒಂದು ಕೊರಗು ಇದೆ. ಧರ್ಮ ಒಂದು ಕಡೆ, ವಿಜ್ಞಾನ ಒಂದು ಕಡೆ, ನಡುವೆ ರಕ್ತ: ಹೀಗೆ ಗೆರೆ ಎಳೆದರೆ ಕಥೆಗೆ ಸಲೀಸು. ಆದರೆ ಬಿಗ್ ಬ್ಯಾಂಗ್ ಅಂತ ನಾವು ಈಗ ಕರೆಯುವ ವಿಚಾರಕ್ಕೆ ಅಡಿಪಾಯ ಹಾಕಿದವರು ಜಾರ್ಜ್ ಲೆಮೈತ್ರ್. ಬೆಲ್ಜಿಯಂನ ಪಾದ್ರಿ. ವಿಶ್ವ ಹಿಗ್ಗುತ್ತಿದೆ ಅಂತ 1927ರಲ್ಲೇ ಬರೆದವರು. 1951ರಲ್ಲಿ ಹನ್ನೆರಡನೇ ಪಯಸ್ ಪೋಪ್ ಈ ಸಿದ್ಧಾಂತವನ್ನು ಸೃಷ್ಟಿಗೆ ಸಾಕ್ಷಿ ಅನ್ನೋ ಹಾಗೆ ಮಾತಾಡಿದಾಗ, ಲೆಮೈತ್ರ್‌ಗೇ ಅದು ಇಷ್ಟ ಆಗಲಿಲ್ಲ. ಎರಡನ್ನೂ ಬೆರೆಸಬೇಡಿ ಅನ್ನೋದು ಅವರ ನಿಲುವು. ಕಾದಂಬರಿಯ ಪಾದ್ರಿ-ವಿಜ್ಞಾನಿ ಮಾಡೋದು ಇದರ ಉಲ್ಟಾ: ಪ್ರಯೋಗಾಲಯದಲ್ಲಿ ದೇವರ ಸೃಷ್ಟಿಯನ್ನು ಸಾಬೀತು ಮಾಡಲು ಹೊರಡುತ್ತಾನೆ. ನನಗೆ ನಿಜವಾದ ಪಾದ್ರಿಯೇ ಜಾಸ್ತಿ ಕುತೂಹಲದ ಮನುಷ್ಯ ಅನ್ನಿಸಿದರು.

ದುರ್ಗದ ಹುಡುಗ

ಅಕ್ಕ, ಲೆಮೈತ್ರ್ ಬಗ್ಗೆ ಗೊತ್ತಿರಲಿಲ್ಲ. ಥ್ಯಾಂಕ್ಸ್.

ನನ್ನ ಕಸಿವಿಸಿ ಈಗ ಇನ್ನೂ ಜಾಸ್ತಿ ಆಯಿತು. ನಾಲ್ಕು ಮಂದಿ ಕೂತು ಹತ್ತು ನಿಮಿಷದಲ್ಲಿ ಇಷ್ಟು ತಪ್ಪು ಹೆಕ್ಕಿದ್ದೀರಿ. ಹಾಗಿದ್ದರೆ ಆ ಮೊದಲ ಪುಟ ಯಾಕೆ? ‘ಇದು ಬರೀ ಕಥೆ’ ಅಂದಿದ್ದರೆ ಇಷ್ಟು ಮಂದಿ ಓದುತ್ತಿರಲಿಲ್ಲ ಅನ್ನೋ ಭಯಾನಾ?

ಹರಿಹರದವ

ನಾನು ಬೇರೆ ದಾರಿಯಿಂದ ಬರುತ್ತೇನೆ. ನನಗೆ ಈ ಪುಸ್ತಕ ಕೊಟ್ಟಿದ್ದು ನೋಡುವ ಅಭ್ಯಾಸ.

ನೀರಿನ ಕೊಲೆ ನಡೆಯೋದು ರೋಮಿನ ಪಿಯಾಝಾ ನವೋನಾ ಚೌಕದಲ್ಲಿ, ಬರ್ನಿನಿಯ ನಾಲ್ಕು ನದಿಗಳ ಕಾರಂಜಿಯಲ್ಲಿ. 1651ರ ಕೆಲಸ. ನಾಲ್ಕು ನದಿ ಯಾವುವು ಗೊತ್ತಾ? ನೈಲ್, ಡಾನ್ಯೂಬ್, ದಕ್ಷಿಣ ಅಮೆರಿಕದ ಲಾ ಪ್ಲಾಟಾ, ಮತ್ತೆ ನಮ್ಮ ಗಂಗೆ! ಅಲ್ಲಿ ಗಂಗೆ ಗಂಡಸು. ಕೈಯಲ್ಲಿ ಉದ್ದ ಹುಟ್ಟು ಹಿಡಿದು ಕೂತಿದ್ದಾನೆ, ದೋಣಿ ಸಾಗುವ ನದಿ ಅಂತ ಹೇಳೋಕೆ. ನೈಲ್‌ಗೆ ತಲೆ ಮೇಲೆ ಬಟ್ಟೆ ಮುಚ್ಚಿದ್ದಾರೆ. ಅದರ ಮೂಲ ಎಲ್ಲಿ ಅಂತ ಆಗ ಅವರಿಗೆ ಗೊತ್ತಿರಲಿಲ್ಲ, ಅದಕ್ಕೆ. ಫೋಟೋ ದೊಡ್ಡದು ಮಾಡಿ ಒಂದೊಂದೇ ನೋಡುತ್ತಾ ಕೂತೆ. ಕಥೆಯ ಗುಟ್ಟಿಗಿಂತ ಇದೇ ಇಷ್ಟ ಆಯಿತು.

ಆಮೇಲೆ ನಮ್ಮೂರ ಗುಡಿಗೆ ಹೋದೆ. ಚಿಕ್ಕಂದಿನಿಂದ ಕೈ ಮುಗಿದ ಹರಿಹರೇಶ್ವರ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ್ದು. ಬಲಗಡೆ ಅರ್ಧ ಹರ, ಎಡಗಡೆ ಅರ್ಧ ಹರಿ. ಒಂದೇ ಕಲ್ಲು. ಇಷ್ಟು ವರ್ಷ ನಾನು ಮುಖ ನೋಡಿ ಬಂದಿದ್ದೆನೇ ಹೊರತು ಎರಡು ಕಡೆಯ ಕೈಯಲ್ಲಿ ಏನೇನಿದೆ ಅಂತ ನಿಂತು ನೋಡಿರಲಿಲ್ಲ. ಅಲ್ಲಿ ಗುಟ್ಟು ಏನೂ ಇಲ್ಲ. ಜಗಳ ಬೇಡ ಅಂತ ಎದುರಿಗೇ ಹೇಳಿ ನಿಲ್ಲಿಸಿದ್ದಾರೆ.

ಮೊಳಕಾಲ್ಮೂರು ಸೀಮೆ

ಹರಿಹರದಣ್ಣ ಹೇಳಿದ್ದು ಚೆಂದ ಇದೆ. ಆದರೆ ನೋಡುವ ಅಭ್ಯಾಸದ ಇನ್ನೊಂದು ಮುಖ ನಮ್ಮ ಕಡೆ ಬಂದರೆ ಕಾಣುತ್ತದೆ. ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ.

‘ಸಂಕೇತ ಇದೆ ಅಂದರೆ ಕೆಳಗೆ ಗುಟ್ಟಿದೆ’ ಅನ್ನೋ ನಂಬಿಕೆ ರೋಮಿನಲ್ಲಿ ಕಾದಂಬರಿ ಆಗುತ್ತದೆ. ನಮ್ಮಲ್ಲಿ ಅದು ಹಾರೆ ಗುದ್ದಲಿ ಆಗುತ್ತದೆ. ಹಾವು ಕೆತ್ತಿದ್ದಾರಾ, ನಿಧಿ ಇದೆ. ಬಸವ ಈ ಕಡೆ ನೋಡ್ತಿದ್ದಾನಾ, ನಿಧಿ ಆ ಕಡೆ ಇದೆ. ನಮ್ಮ ಊರಾಚೆ ಹೊಲದಲ್ಲಿ ಒಂದು ಹಳೇ ಗುಡಿ. ಒಳಗೆ ಮೊಣಕಾಲೆತ್ತರದ ಬಸವಣ್ಣ. ಅಮಾವಾಸ್ಯೆ ರಾತ್ರಿ ಯಾರೋ ಬಂದು ಅದರ ಹೊಟ್ಟೆಗೆ ಉಳಿ ಹಾಕಿ ಸೀಳಿದ್ದರು. ಹೊಟ್ಟೆಯೊಳಗೆ ಏನಿರುತ್ತೆ? ಕಲ್ಲು. ಬೆಳಗ್ಗೆ ನೋಡಿದಾಗ ನಿಂಬೆಹಣ್ಣು, ಕುಂಕುಮ, ಕೋಳಿ ಪುಕ್ಕ, ಪಕ್ಕದಲ್ಲಿ ಎದೆಮಟ್ಟ ಗುಂಡಿ. ಊರವರು ಸೀಳಿದ ಜಾಗಕ್ಕೆ ಸಿಮೆಂಟ್ ಮೆತ್ತಿ ಮತ್ತೆ ಪೂಜೆ ಶುರು ಮಾಡಿದರು. ಆ ಬೂದಿ ಬಣ್ಣದ ಪಟ್ಟಿ ಕೊರಳಿನಿಂದ ಬಾಲದವರೆಗೂ ಎದ್ದು ಕಾಣುತ್ತದೆ. ಎಣ್ಣೆ ಹಚ್ಚಿದರೂ ಕಪ್ಪಾಗಲ್ಲ.

ದಾನಶಾಸನದ ಕಲ್ಲು ನೋಡಿರುತ್ತೀರಿ. ಮೇಲೆ ಸೂರ್ಯ, ಚಂದ್ರ. ಸೂರ್ಯಚಂದ್ರರು ಇರುವ ತನಕ ಈ ದಾನ ನಡೆಯಲಿ ಅಂತ ಅರ್ಥ, ಅಷ್ಟೇ. ಕೆಳಗೆ ‘ಇದನ್ನು ಅಳಿಸಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ’ ಅಂತ ಶಾಪ ಬೇರೆ ಬರೆದಿರುತ್ತಾರೆ. ಎಲ್ಲರೂ ಓದಲಿ, ಎಲ್ಲರೂ ಹೆದರಲಿ ಅಂತಲೇ ಊರ ನಡುವೆ ನೆಟ್ಟಿದ್ದು. ಅದನ್ನೇ ನಿಧಿಯ ನಕ್ಷೆ ಅಂತ ಕಿತ್ತು ಹಾಕಿದವರಿದ್ದಾರೆ.

ಡ್ಯಾನ್ ಬ್ರೌನ್ ಇದಕ್ಕೆ ಕಾರಣ ಅಂತ ನಾನು ಹೇಳುತ್ತಿಲ್ಲ. ನಿಧಿಗಳ್ಳರು ಇಂಗ್ಲಿಷ್ ಕಾದಂಬರಿ ಓದುವವರಲ್ಲ. ಆದರೆ ಯೋಚನೆಯ ದಾರಿ ಒಂದೇ. ಅದಕ್ಕೇ ‘ಫ್ಯಾಕ್ಟ್’ ಅನ್ನೋ ಪುಟ ನೋಡಿದಾಗ ನನಗೆ ರೋಮಾಂಚನ ಆಗಲಿಲ್ಲ, ಸಿಟ್ಟು ಬಂತು.

ಮಂಡಕ್ಕಿ ಮೆಣಸಿನಕಾಯಿ

ಅಣ್ಣ, ನೀವು ಹೇಳಿದ್ದು ಓದಿ ಹೊಟ್ಟೆಯೊಳಗೆ ಒಂಥರಾ ಆಯಿತು. ಆದರೂ ಕಥೆಗಾರನ ಮೇಲೆ ಇಷ್ಟು ಭಾರ ಹಾಕೋದು ನ್ಯಾಯ ಅಲ್ಲ. ನಿಧಿ ಆಸೆ ಅವನಿಗಿಂತ ಎಷ್ಟೋ ಹಳೇದು.

ಫಿಸಿಕ್ಸ್ ಮೇಡಂ, ದಾವಣಗೆರೆ

ಭಾರ ಹಾಕಬೇಕಾಗಿಲ್ಲ, ಆದರೆ ಪರಿಣಾಮ ಇಲ್ಲ ಅನ್ನೋಕೂ ಆಗಲ್ಲ. ಸರ್ನ್ ಆವರಣದಲ್ಲಿ ಎರಡು ಮೀಟರ್ ಎತ್ತರದ ನಟರಾಜನ ವಿಗ್ರಹ ಇದೆ. 2004ರಲ್ಲಿ ಭಾರತ ಸರ್ಕಾರ ಕೊಟ್ಟ ಉಡುಗೊರೆ. ಕಣಗಳು ಹುಟ್ಟಿ ಅಳಿಯುವ ಆಟಕ್ಕೂ ಶಿವನ ಕುಣಿತಕ್ಕೂ ಹೋಲಿಕೆ ಕಂಡವರು ಇದ್ದರು, ಅದಕ್ಕೆ ಈ ಉಡುಗೊರೆ ಒಪ್ಪಿತು. ಅಲ್ಲಿಗೆ ವಿಷಯ ಮುಗಿಯಬೇಕಿತ್ತು. ಮುಗಿಯಲಿಲ್ಲ. ‘ವಿಜ್ಞಾನಿಗಳು ನಾಶದ ದೇವರನ್ನು ಪೂಜಿಸುತ್ತಾರೆ, ನರಕದ ಬಾಗಿಲು ತೆರೆಯುತ್ತಾರೆ’ ಅಂತ ಇವತ್ತಿಗೂ ವಿಡಿಯೋ ಓಡಾಡುತ್ತವೆ. 2016ರಲ್ಲಿ ಯಾರೋ ರಾತ್ರಿ ಅದೇ ವಿಗ್ರಹದ ಮುಂದೆ ನರಬಲಿಯ ನಾಟಕ ಆಡಿ ಚಿತ್ರೀಕರಿಸಿದರು. ಕರೀ ನಿಲುವಂಗಿ, ಚಾಕು ಎಲ್ಲಾ. ಕೊನೆಗೆ ಸರ್ನ್ ಇದು ಯಾರದೋ ಕಿಡಿಗೇಡಿತನ, ವಿಚಾರಣೆ ಮಾಡುತ್ತೇವೆ ಅಂತ ಹೇಳಿಕೆ ಕೊಡಬೇಕಾಯಿತು. ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಆ ವಿಡಿಯೋ ಬಂದಿತ್ತು. ಕಳಿಸಿದವರು ಓದಿದವರೇ.

ಚಂದ್ರವಳ್ಳಿ ನಡಿಗೆ

ಮೊಳಕಾಲ್ಮೂರು ಸೀಮೆಯವರು ಹೇಳಿದ್ದಕ್ಕೆ ನನ್ನದೂ ಒಂದು ಸಹಿ. ಚಿತ್ರದುರ್ಗದ ಕೋಟೆಯಲ್ಲಿ ಬಾಗಿಲ ಹತ್ತಿರದ ಗೋಡೆಯ ಹಾವಿನ ಕೆತ್ತನೆ ತೋರಿಸಿದರೆ ಬಂದವರು ಮೊದಲು ಕೇಳೋದು ‘ನಿಧಿ ಎಲ್ಲಿ ಸರ್?’ ಅಂತಲೇ.

ಆದರೆ ಥ್ರಿಲ್ಲರ್ ಬಿಟ್ಟುಬಿಡೋಣ ಅನ್ನೋ ತೀರ್ಮಾನಕ್ಕೆ ನಾನಂತೂ ಬರಲ್ಲ. ನಮ್ಮ ಜಿಲ್ಲೆಯಲ್ಲಿ ನಿಜವಾದ ಸಾಮಗ್ರಿಯೇ ಎಷ್ಟಿದೆ ನೋಡಿ.

ಒಂದು. ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ, ಚಕ್ರವರ್ತಿ ಟೈಬೀರಿಯಸ್‌ನದು. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಅಗೆದಿದ್ದರು. ಈಗ ಕಾದಂಬರಿಗೆ ಬನ್ನಿ. ಗಾಳಿಯ ಕೊಲೆ ನಡೆಯೋದು ಸಂತ ಪೀಟರ್ ಚೌಕದಲ್ಲಿ. ಆ ಚೌಕದ ನಡುವೆ ಈಜಿಪ್ಟಿನಿಂದ ತಂದ ಒಂದು ದೊಡ್ಡ ಕಲ್ಲಿನ ಕಂಬ ಇದೆ. ಕಂಬದ ಬುಡದಲ್ಲಿ ಹಳೇ ಲ್ಯಾಟಿನ್ ಬರಹ: ಇದು ಆಗಸ್ಟಸ್‌ಗೂ ಟೈಬೀರಿಯಸ್‌ಗೂ ಅರ್ಪಣೆ ಅಂತ. ಅದೇ ಟೈಬೀರಿಯಸ್! ಲ್ಯಾಂಗ್ಡನ್ ಓಡಾಡಿದ ಚೌಕದ ಕಂಬದಲ್ಲಿರುವ ಹೆಸರಿನವನ ನಾಣ್ಯ ನಮ್ಮ ಚಂದ್ರವಳ್ಳಿಯ ಮಣ್ಣಲ್ಲಿತ್ತು. ಇದರಲ್ಲಿ ಪಿತೂರಿ ಏನೂ ಇಲ್ಲ. ವ್ಯಾಪಾರ. ನಮ್ಮ ಕಡೆಯಿಂದ ಏನೋ ಹೋಯಿತು, ಬೆಳ್ಳಿ ಬಂತು.

ಎರಡು. ಮೊಳಕಾಲ್ಮೂರು ತಾಲೂಕಿನ ಬ್ರಹ್ಮಗಿರಿ. ಅಶೋಕನ ಶಾಸನ. 1892ರಲ್ಲಿ ಶಾಸನತಜ್ಞ ಬಿ.ಎಲ್. ರೈಸ್ ಪತ್ತೆ ಮಾಡಿದ್ದು. ಪೂರ್ತಿ ಬ್ರಾಹ್ಮಿ ಲಿಪಿ, ಎಡದಿಂದ ಬಲಕ್ಕೆ. ಕೊನೆಯಲ್ಲಿ ಬರೆದವನು ತನ್ನ ಹೆಸರು ಹಾಕಿಕೊಂಡಿದ್ದಾನೆ: ಚಪಡ. ತಾನು ಲಿಪಿಕಾರ ಅಂತ ಹೇಳಿಕೊಳ್ಳುವ ಆ ಒಂದು ಪದವನ್ನು ಮಾತ್ರ ಖರೋಷ್ಠಿಯಲ್ಲಿ ಬರೆದಿದ್ದಾನೆ. ಅದು ಬಲದಿಂದ ಎಡಕ್ಕೆ ಹೋಗುವ ಲಿಪಿ. ಬಳಕೆಯಲ್ಲಿದ್ದಿದ್ದು ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಮೊಳಕಾಲ್ಮೂರಿನ ಬಂಡೆ ಮೇಲೆ ಅದನ್ನು ಆವತ್ತು ಓದುವವರು ಯಾರಿದ್ದರು? ಸುಮ್ನೆ ತನ್ನ ಕೈಚಳಕ ತೋರಿಸಿದನಾ? ತನ್ನ ಊರಿನ ನೆನಪಾ? ಎರಡು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ ಒಬ್ಬ ಬರಹಗಾರ ತುಂಟತನ ಮಾಡಿ ಹೋದ ಹಾಗಿದೆ. ಇದಕ್ಕಿಂತ ಒಳ್ಳೆ ಮೊದಲ ಅಧ್ಯಾಯ ಬೇಕಾ?

ಮಂಡಕ್ಕಿ ಮೆಣಸಿನಕಾಯಿ

ತಡೀರಿ ತಡೀರಿ. ಸರ್ನ್‌ಗೆ ಬದಲು ಚಳ್ಳಕೆರೆ! ಕುದಾಪುರದಲ್ಲಿ ಐಐಎಸ್‌ಸಿ ಕ್ಯಾಂಪಸ್ ಇದೆ, ಡಿಆರ್‌ಡಿಒ ವಿಮಾನ ಪರೀಕ್ಷೆಯ ಜಾಗ ಇದೆ, ಅಣು ಸಂಶೋಧನೆಯ ಬಾರ್ಕ್‌ಗೂ ಜಾಗ ಕೊಟ್ಟಿದ್ದಾರೆ. ಕುರಿ ಮೇಯುತ್ತಿದ್ದ ಕಾವಲಿನ ಸುತ್ತ ಉದ್ದಕ್ಕೆ ಕಾಂಪೌಂಡು. ಒಳಗೆ ಒಬ್ಬ ವಿಜ್ಞಾನಿ ನಾಪತ್ತೆ. ಟೇಬಲ್ ಮೇಲೆ ಖರೋಷ್ಠಿಯಲ್ಲಿ ಬರೆದ ಚೀಟಿ. ಚಂದ್ರವಳ್ಳಿಯ ಅಂಕಲಿ ಮಠದ ನೆಲಮಾಳಿಗೆಯಲ್ಲಿ ಟಾರ್ಚ್ ಹಿಡಿದು ಓಟ. ಕೋಟೆಯ ಏಳು ಸುತ್ತು, ಸುತ್ತಿಗೊಂದು ಸುಳಿವು. ಕೊನೆಗೆ ಓಬವ್ವನ ಕಿಂಡಿಯಲ್ಲಿ ಖಳನಾಯಕ ಸಿಕ್ಕಿಹಾಕಿಕೊಳ್ತಾನೆ.

ಟಿಕೆಟ್ ತಗೊಳ್ಳೋರು ಕೈ ಎತ್ತಿ.

ಹರಿಹರದವ

ಖಳನಾಯಕ ಸ್ವಲ್ಪ ದಪ್ಪ ಇರಬೇಕು. ಇಲ್ಲಾಂದ್ರೆ ಕಿಂಡಿಯಿಂದ ಸಲೀಸಾಗಿ ಆಚೆ ಬರ್ತಾನೆ.

ಮೊಳಕಾಲ್ಮೂರು ಸೀಮೆ

ಬರೀರಿ, ನಾನೇ ಮೊದಲು ಓದ್ತೀನಿ. ಒಂದೇ ಷರತ್ತು: ಕೊನೆಯಲ್ಲಿ ಚಿನ್ನದ ಕೊಪ್ಪರಿಗೆ ಸಿಗಬಾರದು. ಸಿಕ್ಕರೆ ಮಾರನೇ ಅಮಾವಾಸ್ಯೆಗೆ ಅಂಕಲಿ ಮಠದಲ್ಲಿ ನೆಲ ಉಳಿಯಲ್ಲ. ಇನ್ನೊಂದು, ಕಾವಲಿನ ಕುರಿಗಾಹಿಗಳನ್ನು ಸುಮ್ನೆ ಹಿನ್ನೆಲೆಗೆ ನಿಲ್ಲಿಸಬೇಡಿ. ಮೇವಿನ ಜಾಗ ಹೋಯಿತು ಅಂತ ಹಸಿರು ನ್ಯಾಯಮಂಡಳಿವರೆಗೂ ಹೋದ ವಿಷಯ ಅದು. ಕಥೆಯ ಜೀವ ಅಲ್ಲೇ ಇದೆ.

ಭಾನುವಾರದ ಓದು

ಆ ಮುದ್ರೆಗಳ ಬಗ್ಗೆ ಯಾರೂ ಹೇಳಲಿಲ್ಲವಲ್ಲ. ತಲೆಕೆಳಗೆ ಮಾಡಿದರೂ ಅದೇ ಪದ ಓದುವಂಥ ಅಕ್ಷರಗಳು. ಬರೆದುಕೊಟ್ಟವರು ಜಾನ್ ಲ್ಯಾಂಗ್ಡನ್ ಅನ್ನೋ ಕಲಾವಿದ. ಕಥಾನಾಯಕನಿಗೆ ಅವರದೇ ಹೆಸರು ಇಟ್ಟಿದ್ದಾರೆ. ಪುಸ್ತಕವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ ನೋಡಿದೆ. ಈ ಪುಸ್ತಕದಲ್ಲಿ ನೂರಕ್ಕೆ ನೂರು ನಿಜ ಅಂತ ಇರೋದು ಅದೊಂದೇ ಅನ್ನಿಸುತ್ತೆ, ಕಣ್ಣೆದುರಿಗೇ ಇದೆ.

ಮಗಳು ಕನ್ನಡದಲ್ಲಿ ‘ದುರ್ಗ’ ಅಂತ ಹಾಗೆ ಬರೆಯೋಕೆ ಕೂತಳು. ಅರ್ಕಾವತ್ತು ಕೈಕೊಟ್ಟಿತು. ತಲೆಕಟ್ಟು ಕೆಳಗೆ ಹೋದರೆ ಒತ್ತಕ್ಷರದ ಹಾಗೆ ಕಾಣುತ್ತೆ. ‘ಠ’ ಒಂದು ಮಾತ್ರ ಸುಮಾರಾಗಿ ಒಪ್ಪಿಕೊಂಡಿತು.

ದುರ್ಗದ ಹುಡುಗ

ಹಾಗಿದ್ದರೆ ‘ಠಠಠ’ ಅನ್ನೋ ಗುಪ್ತ ಸಂಘ ಕಟ್ಟೋಣ.

ಮೇಡಂ, ಒಂದು ಪ್ರಶ್ನೆ ಉಳಿದಿದೆ. ಮುಂದಿನ ಸಾಲು ಕಥೆಯ ಕೊನೆಗೆ ಸೇರಿದ್ದು, ಓದದವರು ಇಲ್ಲಿಗೇ ನಿಲ್ಲಿಸಿ. ಹೆಲಿಕಾಪ್ಟರಿನಿಂದ ಹಾರಿ, ಗಾಜಿಗೆ ಮುಚ್ಚುವ ಟಾರ್ಪಾಲ್ ಹಿಡಿದುಕೊಂಡು ಲ್ಯಾಂಗ್ಡನ್ ನದಿಗೆ ಬೀಳ್ತಾನಲ್ಲ. ಬದುಕೋಕೆ ಆಗುತ್ತಾ?

ಫಿಸಿಕ್ಸ್ ಮೇಡಂ, ದಾವಣಗೆರೆ

ಏನೂ ಇಲ್ಲದೆ ಬಿದ್ದರೆ ಗಂಟೆಗೆ ಸುಮಾರು 200 ಕಿ.ಮೀ. ವೇಗ. ಟಾರ್ಪಾಲ್ ಆರೇಳು ಚದರ ಮೀಟರ್ ಇದ್ದು, ನಾಲ್ಕು ಮೂಲೆಯೂ ಪೂರ್ತಿ ಬಿಚ್ಚಿಕೊಂಡು ನಿಂತರೆ ವೇಗ ಮೂರರಲ್ಲಿ ಒಂದು ಪಾಲಿಗೆ ಇಳಿಯಬಹುದು. ಅರವತ್ತರ ಆಸುಪಾಸು. ಆಳದ ನೀರಿಗೆ ಕಾಲು ಮುಂದಾಗಿ ಬಿದ್ದರೆ ಬದುಕಿದರೂ ಬದುಕಬಹುದು.

ತೊಂದರೆ ನೀರಲ್ಲಿ ಇಲ್ಲ, ಕೈಯಲ್ಲಿದೆ. ಟಾರ್ಪಾಲ್ ಬಿಚ್ಚಿಕೊಂಡ ಕ್ಷಣ ಅದು ಎಳೆಯುವ ಜೋರಿಗೆ ನಾಲ್ಕು ಮೂಲೆಯನ್ನೂ ಬರೀ ಮುಷ್ಟಿಯಲ್ಲಿ ಹಿಡಿದಿರೋಕೆ ಒಬ್ಬ ಪ್ರೊಫೆಸರ್‌ಗೆ ಆಗಲ್ಲ. ನಮ್ಮ ಕೈಯಲ್ಲಿ ಸೀಮೆಸುಣ್ಣ ಬಿಟ್ಟು ಬೇರೆ ಏನೂ ನಿಲ್ಲಲ್ಲ.

ಮಂಡಕ್ಕಿ ಮೆಣಸಿನಕಾಯಿ

ಅಯ್ಯೋ, ಸಾಲು ದಾಟಿ ಓದಿಬಿಟ್ಟೆ ಅಂತ ಯಾರಾದರೂ ಅತ್ತರೆ ಬೆಣ್ಣೆ ದೋಸೆ ನನ್ನ ಲೆಕ್ಕದಲ್ಲಿ. ಪುಸ್ತಕ ಬೇಕಾದವರು ಅಂಗಡಿಗೆ ಬಂದು ತಗೊಂಡು ಹೋಗಿ. ಮೊದಲ ಪುಟದಲ್ಲಿ ‘ಫ್ಯಾಕ್ಟ್’ ಕೆಳಗೆ ಮೇಡಂ ಹೇಳಿದ ಲೆಕ್ಕ ಪೆನ್ಸಿಲ್‌ನಲ್ಲಿ ಬರೆದಿಟ್ಟಿದ್ದೇನೆ. ಗೆಲಿಲಿಯೋ ವರ್ಷ ಬರೆಯೋಕೆ ಜಾಗ ಸಾಲಲಿಲ್ಲ, ಅದನ್ನ ರಟ್ಟಿನ ಒಳಗಡೆ ಹಾಕಿದೆ.